ಈಥ್ ಒಂದು

"ಕೇಬಲ್ಲಿನ ದೀಪ ಮಿನುಗ್ತಾನೇ ಇದೆ. ಆದ್ರೂ ನೆಟ್‌ವರ್ಕ್ ಇಲ್ಲ ಅಂತಿದೆ. ಇದಕ್ಕೇನು ದೆವ್ವ ಹಿಡಿದಿದೆಯಾ?" ಎಂದಳು ಹುಡುಗಿ.

ಆಸ್ಪತ್ರೆಯ ಪುಟ್ಟ ರೇಡಿಯೋ ಕೋಣೆ ಅದು. ವಾರ್ಡುಗಳಿಗೆ ಹಾಡು, ಹರಟೆ ಬಿತ್ತರಿಸುವುದು ಹುಡುಗಿಯ ಕೆಲಸ. ಮೇಜಿನಡಿ ತಲೆ ತೂರಿಸಿ ಕೂತಿದ್ದಾಕೆ ಅಲ್ಲಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವಳು. ಎಲ್ಲರ ಬಾಯಲ್ಲಿ 'ಸಿಸ್ಟಮ್ ಮೇಡಮ್'. ಅಮ್ಮ ತೀರಿಕೊಂಡ ಮೇಲೆ ಹುಡುಗಿಯ ಅಪ್ಪ ಮದುವೆಯಾದದ್ದು ಆಕೆಯನ್ನೇ. ಒಂದೇ ಮನೆ, ಒಂದೇ ಬಸ್ಸು, ಜಗಳವೇನೂ ಇಲ್ಲ. ಆದರೆ ಇಷ್ಟು ವರ್ಷವಾದರೂ ಹುಡುಗಿ ಆಕೆಯನ್ನು ಏನೆಂದೂ ಕರೆದಿರಲಿಲ್ಲ. "ನೋಡಿ", "ಇಲ್ಲಿ ಕೇಳಿ" ಎಂಬುದರಲ್ಲೇ ದಿನ ದೂಡುತ್ತಿದ್ದಳು.

ಕರೆಂಟಿನ ಏರಿಳಿತಕ್ಕೆ ಸುಟ್ಟುಹೋಗಿದ್ದ ನೆಟ್‌ವರ್ಕ್ ಕಾರ್ಡನ್ನು ಬದಲಿಸಿಯಾಗಿತ್ತು. ಆದರೂ ಯಂತ್ರ ಮುನಿಸಿಕೊಂಡು ಕೂತಿತ್ತು. ಕೆಳಗಿನ ವಾರ್ಡಿನಲ್ಲಿ ಮುದುಕ ದರ್ಜಿಯೊಬ್ಬರು ಹೃದಯದ ಆಪರೇಷನ್ನಿಗೆ ಕಾದಿದ್ದರು. ಬರಲಾಗದ ಅವರ ಅಕ್ಕ ನಾಲ್ಕು ಮಾತು ರೆಕಾರ್ಡ್ ಮಾಡಿ ಕಳಿಸಿದ್ದರು. ಅದು ಇದ್ದದ್ದು ಮುಖ್ಯ ಕಟ್ಟಡದ ಸರ್ವರಿನಲ್ಲಿ; ನೆಟ್‌ವರ್ಕ್ ಇಲ್ಲದೆ ಸಿಗುವಂತಿರಲಿಲ್ಲ. ಅಕ್ಕನ ದನಿ ಕೇಳದೆ ಒಳಗೆ ಹೋಗುವುದಿಲ್ಲವೆಂದು ದರ್ಜಿ ಹಠ ಹಿಡಿದಿದ್ದರು.

"ಹಳೇ ಕಾರ್ಡಿನ ಡಬ್ಬದ ಪಕ್ಕ ಹೊಸದರ ಡಬ್ಬ ಇದೆ. ಚೀಟಿ ಮೇಲೆ ಕಾರ್ಡಿನ ವಿಳಾಸ ಇದೆ, ಓದು," ಎಂದಳು ಸಿಸ್ಟಮ್ ಮೇಡಮ್.

ಹುಡುಗಿ ಗಂಟಲು ಸರಿಮಾಡಿಕೊಂಡು ಒಂದೊಂದೇ ಅಕ್ಷರವನ್ನು ಸ್ಪಷ್ಟವಾಗಿ ಓದಿದಳು.

"ಸುದ್ದಿ ಓದ್ತಿದೀಯೇನೇ?" ಸಿಸ್ಟಮ್ ಮೇಡಮ್ ಮೇಜಿನಡಿಯಿಂದ ಹೊರಬಂದು ನಕ್ಕು ಪರದೆಯ ಕಡೆ ಬೆರಳು ತೋರಿಸಿದಳು. "ನೋಡು, ಅದೇ ವಿಳಾಸ. ಕಾರ್ಡ್ ಸರಿಯಾಗೇ ಇದೆ. ಈ ಕಂಪ್ಯೂಟರನ್ನ ನಡೆಸೋ ಲಿನಕ್ಸ್ ಕಾರ್ಡನ್ನ ಗುರುತು ಹಿಡಿಯೋದು ಕಾರ್ಖಾನೆಯಲ್ಲಿ ಕೊಟ್ಟ ಈ ವಿಳಾಸದಿಂದ. ಹಳೇದಕ್ಕೆ 'ಈಥ್ ಸೊನ್ನೆ' ಅಂತ ಹೆಸರಿಟ್ಟಿತ್ತು. ಅದು ಹೋದ್ರೂ ಹೆಸರನ್ನ ಅದಕ್ಕೇ ಕಾಯ್ದಿಟ್ಟಿದೆ. ಹೊಸದನ್ನ 'ಈಥ್ ಒಂದು' ಅಂತಿದೆ. ನಮ್ಮ ಸೆಟ್ಟಿಂಗು ಇನ್ನೂ ಸೊನ್ನೆಯನ್ನೇ ಹುಡುಕ್ತಿದೆ."

"ಹಾಗಾದ್ರೆ ಹಳೇ ಹೆಸರನ್ನ ಅಳಿಸಿ, ಇದಕ್ಕೇ ಸೊನ್ನೆ ಅಂತ ಇಟ್ಟುಬಿಡಿ."

"ಇಡಬಹುದು. ಸುಮಾರು ಜನ ಹಾಗೇ ಮಾಡ್ತಾರೆ." ಆಕೆ ಕೀಲಿಮಣೆಯನ್ನು ಹತ್ತಿರಕ್ಕೆಳೆದುಕೊಂಡಳು. "ನಾನು ಅಳಿಸಲ್ಲ. ಅದರ ಹೆಸರು ಅದರ ಪಾಡಿಗೆ ಇರಲಿ, ಯಾರಿಗೇನು ತೊಂದರೆ? ಇದನ್ನ ಇದರ ಹೆಸರಲ್ಲೇ ಕರೆದ್ರಾಯ್ತು."

ಹುಡುಗಿ ಆಕೆಯನ್ನೇ ನೋಡಿದಳು. ಅಷ್ಟರಲ್ಲಿ ಗಾಜಿನ ಕಿಟಕಿಯಾಚೆ ಆಪರೇಷನ್ ಕೋಣೆಗೆ ಹೋಗುವ ಕಾರಿಡಾರಿನಲ್ಲಿ ಗಾಲಿಗಳ ಸದ್ದಾಯಿತು.

"ಚಿಕ್ಕಮ್ಮ, ಬೇಗ! ದರ್ಜಿ ಮಾಮನ್ನ ಕರ್ಕೊಂಡು ಹೋಗ್ತಿದಾರೆ!"

ಸೆಟ್ಟಿಂಗಿನಲ್ಲಿ ಸೊನ್ನೆಯ ಜಾಗಕ್ಕೆ ಒಂದು ಎಂದು ಒತ್ತಬೇಕಿದ್ದ ಸಿಸ್ಟಮ್ ಮೇಡಮ್ ಬೆರಳು ಜಾರಿ ಎರಡರ ಮೇಲೆ ಬಿತ್ತು. ಆಕೆ ಅದನ್ನು ಅಳಿಸಿ, ಸರಿಯಾಗಿ ಒತ್ತಿ, ನೆಟ್‌ವರ್ಕನ್ನು ಮತ್ತೆ ಶುರುಮಾಡಿದಳು. ಪರದೆಯ ಮೇಲೆ ಸರ್ವರಿನ ಉತ್ತರಗಳು ಒಂದರ ಹಿಂದೊಂದು ಸಾಲುಗಟ್ಟಿದವು. ಹುಡುಗಿ ಮೈಕಿಗೆ ಬಗ್ಗಿದಳು. "ದರ್ಜಿ ಮಾಮನವರೇ, ನಿಮ್ಮ ಅಕ್ಕ ಬಂದಿದ್ದಾರೆ."

ಕಾರಿಡಾರಿನ ಸ್ಪೀಕರಿನಲ್ಲಿ ಒಡಕು ದನಿಯೊಂದು ಗದರಿತು: "ಏ ಮಂಗ, ಹೆದರ್ಕೊಂಡಿದೀಯಾ? ಹಲ್ಲುಸೆಟ್ಟು ತೆಗೆದಿಟ್ಟೆಯಾ ಇಲ್ವಾ? ಡಾಕ್ಟರ್ ಮುಂದೆ ನನ್ನ ಮಾನ ಕಳೀಬೇಡ. ಸುಮ್ನೆ ಹೋಗಿ ಮಲಗು, ಎದ್ದ ಮೇಲೆ ಮಿಕ್ಕಿದ್ದು ಬೈತೀನಿ."

ಗಾಡಿ ತಳ್ಳುತ್ತಿದ್ದವನು ನಿಂತ. ದರ್ಜಿ ಬೊಚ್ಚುಬಾಯಿಗೆ ಕೈ ಅಡ್ಡ ಹಿಡಿದು ಮೈ ಕುಲುಕಿಸಿ ನಗುತ್ತಿದ್ದರು. ಆಮೇಲೆ ತಾವೇ ಕೈಸನ್ನೆ ಮಾಡಿ ಹೊರಡಲು ಹೇಳಿದರು.

ಹುಡುಗಿ ಒಂದು ಹಾಡು ಹಚ್ಚಿದಳು. ಸಿಸ್ಟಮ್ ಮೇಡಮ್ ಸ್ಕ್ರೂಗಳನ್ನು ಆಯ್ದು ಡಬ್ಬಕ್ಕೆ ಹಾಕಿ ಹೊರಡಲೆಂದು ಎದ್ದಳು. ಹಾಡು ಇನ್ನೂ ಮೊದಲ ಸಾಲಿನಲ್ಲಿತ್ತು. ಹುಡುಗಿ ತಿರುಗದೆಯೇ ಪಕ್ಕದ ಕುರ್ಚಿಯ ಮೇಲಿದ್ದ ತನ್ನ ಚೀಲವನ್ನು ಎತ್ತಿ ನೆಲಕ್ಕಿಟ್ಟಳು.