ಹನ್ನೆರಡನೆಯ ಹೆಸರು

ಆಯುಧಪೂಜೆಯ ದಿನ ಮಾದಣ್ಣ ಕುಡುಗೋಲು, ನೇಗಿಲುಗಳ ಸಾಲಿನಲ್ಲಿ ಮಗಳ ಲ್ಯಾಪ್‌ಟಾಪನ್ನೂ ತೆರೆದಿಟ್ಟ. ಅರಿಸಿನ ಕುಂಕುಮ ಇಟ್ಟದ್ದು ಸರಿ. ಅಷ್ಟಕ್ಕೇ ಬಿಟ್ಟನೇ ಪುಣ್ಯಾತ್ಮ? ಕಾಯಿಯನ್ನೂ ಅದರ ನೆತ್ತಿಯ ಮೇಲೆಯೇ ಒಡೆದುಬಿಟ್ಟ. ಕಾಯಿನೀರೆಲ್ಲ ಕೀಲಿಗಳ ಸಂದಿಯಲ್ಲಿ ಇಳಿದುಹೋಯಿತು.

ಲೊಕ್ಕನಹಳ್ಳಿಯ ಲೈಬ್ರರಿ ನೋಡಿಕೊಳ್ಳುವ ಮಗಳು ಪದ್ಮಿನಿ ಓಡಿ ಬಂದು ಅದನ್ನು ಎತ್ತಿ ಬೋರಲು ಹಾಕಿದಳು. ಅವಳ ಪಾಲಿಗೆ ಹೋದದ್ದು ಯಂತ್ರವಲ್ಲ, ಅಜ್ಜಿಯ ದನಿ. ಸಾಯುವ ಮುಂಚೆ ಅಜ್ಜಿ ಕೆಂಪಾಜಮ್ಮ ಜಗಲಿಯಲ್ಲಿ ಕೂತು, ಎಂದೋ ಕಾಡಂಚಿಗೆ ಮೇಯಲು ಹೋಗುತ್ತಿದ್ದ ಹನ್ನೊಂದು ಹಸುಗಳನ್ನು ಒಂದೊಂದಾಗಿ ಕೂಗಿ ಕರೆದಿದ್ದಳು. ಹನ್ನೆರಡನೆಯದಾಗಿ ಮೊಮ್ಮಗಳನ್ನು. ಪದ್ಮಿನಿ ಅದನ್ನು ಲ್ಯಾಪ್‌ಟಾಪಿನಲ್ಲಿ ಹಿಡಿದಿಟ್ಟಿದ್ದಳು. ಸಂಜೆ ಲೈಬ್ರರಿ ಬಾಗಿಲು ಮುಂದೆಳೆದು ಕೇಳುತ್ತ ಕೂತರೆ ಬೆಟ್ಟದ ಕಡೆಯಿಂದ ಗೊರಸಿನ ಧೂಳು ಏಳುತ್ತಿತ್ತು, ಕೊರಳ ಗಂಟೆಗಳು ಅಲುಗುತ್ತಿದ್ದವು. ಆ ಧೂಳಿನಲ್ಲಿ ಇವಳೂ ಮಂದೆಯ ಹಿಂದೆ ನಡೆದು ಮನೆಗೆ ಬರುತ್ತಿದ್ದಳು.

ಹನೂರಿನ ರಿಪೇರಿಯವನು ಒಳಗೆ ಏನೂ ಉಳಿದಿಲ್ಲ ಎಂದ. ಇನ್ನೊಂದು ಕಾಪಿ ಇದ್ದದ್ದು ಮಾಂಬಳ್ಳಿ ಲೈಬ್ರರಿಯ ರತ್ನಳ ಹತ್ತಿರ. ಆದರೆ ಯಾವ ಮುಖ ಹೊತ್ತು ಹೋಗುವುದು? ಹಳ್ಳಿ ಲೈಬ್ರರಿಗಳಿಗೆ ಈ ಅಗ್ಗದ ಲ್ಯಾಪ್‌ಟಾಪು ಕೊಟ್ಟವರು ಕೊಳ್ಳೇಗಾಲದಲ್ಲಿ ತರಬೇತಿ ಇಟ್ಟಾಗ, ಇದರೊಳಗಿನ ತಂತ್ರಾಂಶಕ್ಕೆ ಬೀಗವಿಲ್ಲ, ಯಾರು ಬೇಕಾದರೂ ಬಿಚ್ಚಿ ನೋಡಿ, ತಿದ್ದಿ, ಹಂಚಿಕೊಳ್ಳಿ ಎಂದಿದ್ದರು. ರತ್ನ ಆ ಮಾತು ನಂಬಿ, ಕೇಳದೆ ಪದ್ಮಿನಿಯ ಲ್ಯಾಪ್‌ಟಾಪಿನಿಂದ ಅಜ್ಜಿಯನ್ನೂ ಕಾಪಿ ಮಾಡಿಕೊಂಡಿದ್ದಳು.

“ನಮ್ಮಜ್ಜಿ ಊರಿಗೆಲ್ಲಾ ಅಂಚೋ ಸಾಮಾನಲ್ಲ ಕಣವ್ವ,” ಎಂದು ಪದ್ಮಿನಿ ಎಲ್ಲರೆದುರು ಮುಖಕ್ಕೆ ಹೊಡೆದ ಹಾಗೆ ಹೇಳಿದ್ದಳು.

ಆದರೂ ಹೋದಳು. ಮಾಂಬಳ್ಳಿ ತಲುಪಿದಾಗ ಹೊತ್ತು ಮುಳುಗುತ್ತಿತ್ತು, ಒಲೆಗಳ ಹೊಗೆ ಗದ್ದೆಯ ಮೇಲೆ ತೇಲುತ್ತಿತ್ತು. ರತ್ನ ಹಳೆಯದನ್ನು ಎತ್ತಲೇ ಇಲ್ಲ. ಬನ್ನಿ ಲೈಬ್ರರಿ ಅಕ್ಕ ಎಂದು ಚಾಪೆ ಹಾಸಿದಳು. ತರಬೇತಿಯಲ್ಲಿ ಪದ್ಮಿನಿಯನ್ನು ಎಲ್ಲರೂ ಹಾಗೆಯೇ ಕರೆಯುತ್ತಿದ್ದರು, ಹೆಸರನ್ನು ಯಾರೂ ಕೇಳಿರಲಿಲ್ಲ. ಬಂದ ಕಾರಣ ತಿಳಿದದ್ದೇ ತಡ, ಅಂಥದ್ದೇ ಹಸಿರು ಲ್ಯಾಪ್‌ಟಾಪನ್ನು ತಂದು ಜಗಲಿಯ ಮೇಲೆ ತೆರೆದಳು.

ಅಜ್ಜಿ ಕೂಗತೊಡಗಿದಳು. ಕೆಂದಿ ಬಂತು, ಚುಕ್ಕಿ ಬಂತು, ಕುಂಟು ಕಾಲಿನ ಗೌರಿ ಎಂದಿನಂತೆ ತಡವಾಗಿ ಬಂತು. ಪದ್ಮಿನಿ ಕಣ್ಣು ಮುಚ್ಚಿ ಎಣಿಸಿದಳು. ಹನ್ನೊಂದು ಆಯಿತು.

“ಪದ್ಮಿನೀ, ಒತ್ತಾಯ್ತು, ಬಾ ಮಗ.”

ಬಂದೆ ಎನ್ನಲು ಪದ್ಮಿನಿ ಬಾಯಿ ತೆರೆದಳು. ಅಷ್ಟರಲ್ಲಿ ಹಿತ್ತಿಲಿನಿಂದ ಕಂದು ಕರುವೊಂದು ಬಾಲ ಎತ್ತಿಕೊಂಡು ಓಡಿ ಬಂದು ಲ್ಯಾಪ್‌ಟಾಪಿಗೆ ಮೂಗು ಒತ್ತಿತು.

“ದಿನಾ ಸಂಜೆ ಇದ್ನೇ ಆಕ್ತೀನಿ ಅಕ್ಕ,” ರತ್ನ ಅಂಜುತ್ತಲೇ ಹೇಳಿದಳು. “ಕೊನೇ ಅಸುನ ಅಜ್ಜಿ ಎಷ್ಟು ಮುದ್ದಾಗಿ ಕರೀತದೆ ನೋಡಿ. ಅದ್ಕೇ ಇದ್ಕೂ ಪದ್ಮಿನಿ ಅಂತ್ಲೇ ಎಸ್ರಿಟ್ಟೆ. ಕೋಪ ಮಾಡ್ಕಬೇಡಿ.”

ಪದ್ಮಿನಿ ನಕ್ಕಳು, ನಗುನಗುತ್ತಲೇ ಅತ್ತುಬಿಟ್ಟಳು. ತನ್ನ ಹೆಸರೇನೆಂದು ಆಗಲೂ ಹೇಳಲಿಲ್ಲ. ಕರುವಿನ ಕತ್ತು ತಬ್ಬಿಕೊಂಡು ಕೂತಳು.

“ಇನ್ನೊಂದ್ಸಲ ಆಕವ್ವ,” ಎಂದಳು. “ಇಬ್ರೂ ಕೇಳ್ತೀವಿ.”