ಹಾಲಮ್ಮನ ಫೋನು

ನಮ್ಮ ಅಡುಗೆಮನೆಯ ಒಂದು ಸ್ವಿಚ್ಚಿನ ಮೇಲೆ ಬಿಳಿ ಪ್ಲಾಸ್ಟರ್ ಅಂಟಿಸಿದ್ದೆ. ಮೂರು ವರ್ಷದ ಮಗಳು ಇಂಚರಾ ಕುರ್ಚಿ ಹತ್ತಿ ಮುಚ್ಚಳವಿಲ್ಲದ ಮಿಕ್ಸಿಯನ್ನು ಹಾಕಿ, ಗೋಡೆಗೆಲ್ಲ ಚಟ್ನಿ ಹಾರಿಸಿದ ದಿನದಿಂದ ಅದು ಅಲ್ಲಿತ್ತು.

ಕಚೇರಿಯಲ್ಲೂ ನನ್ನ ಕೆಲಸ ಹೆಚ್ಚುಕಡಿಮೆ ಅದೇ. ಮಾತ್ರೆಯ ಹೊತ್ತಿಗೆ ಗಂಟೆ ಬಾರಿಸಿ ನೆನಪಿಸುವ ಆ್ಯಪನ್ನು ನಾವು ಮಾಡುತ್ತಿದ್ದೆವು. ಹೊಸ ಸೌಲಭ್ಯವೊಂದು ಎಲ್ಲರ ಫೋನಿಗೂ ಹೋಗುತ್ತಿತ್ತು, ಆದರೆ ಒಳಗೆ ಆರಿಯೇ ಇರುತ್ತಿತ್ತು. ಮೊದಲು ಹತ್ತು ಫೋನುಗಳಲ್ಲಿ ಮಾತ್ರ ಹಾಕಿ ನೋಡುತ್ತಿದ್ದೆವು. ಕೆಟ್ಟರೆ ಕಚೇರಿಯಿಂದಲೇ ಆರಿಸಬಹುದು. ಅದಕ್ಕೂ ನಾವು ಸ್ವಿಚ್ ಎಂದೇ ಹೇಳುತ್ತಿದ್ದೆವು.

ಆ ಸಲದ ಹೊಸತು, ಗಂಟೆಯ ಜೊತೆಗೆ ಎಷ್ಟು ಮಾತ್ರೆ ಎಂಬುದನ್ನೂ ತೋರಿಸುವುದು. ಒಂಬತ್ತು ಫೋನು ನಮ್ಮ ಹುಡುಗ ಹುಡುಗಿಯರವು. ಹತ್ತನೆಯದು ಕಚೇರಿ ಗುಡಿಸುವ, ಎದೆಯ ಕಾಯಿಲೆಯ ಹಾಲಮ್ಮನದು.

"ಕಸ ಗುಡಿಸೋರ ಫೋನೂ ಬೇಕಾಯ್ತಾ?" ಎಂದರು ನಮ್ಮ ಮುಖ್ಯಸ್ಥ ಫಣೀಂದ್ರ.

"ನಮ್ಮಲ್ಲಿ ದಿನಾ ಮಾತ್ರೆ ನುಂಗೋರು ಅವರೊಬ್ಬರೇ, ಸರ್."

ಹಾಲಮ್ಮ ಎರಡು ದಿನ ರಜೆ ಹಾಕಿದ್ದಳು, ಫೋನನ್ನೂ ಆರಿಸಿಟ್ಟಿದ್ದಳು. ಮೂರನೆಯ ದಿನ ಫಣೀಂದ್ರ ಎಲ್ಲರೆದುರು ನನ್ನತ್ತ ನೋಡಿ ನಕ್ಕರು. "ಒಂಬತ್ತೂ ಸರಿ ಇವೆ. ಅಮ್ಮಾವ್ರು ಮಗೂಗೆ ಗಂಜಿ ಕುಡಿಸಿದ ಹಾಗೆ ಚಮಚ ಚಮಚ ಬಿಡ್ತಾರೆ. ನಾನು ಊಟಾನೇ ಬಡಿಸ್ತೀನಿ." ಹತ್ತನೆಯದನ್ನು ಇನ್ನೂ ನೋಡಿಲ್ಲ, ಬೇಡವೆಂದೆ. ಹನ್ನೆರಡೂವರೆಗೆ ಸಾವಿರಾರು ಫೋನುಗಳಿಗೆ ತಾವೇ ಸ್ವಿಚ್ ಹಾಕಿ ಊಟಕ್ಕೆ ಹೋದರು.

ಒಂದು ಗಂಟೆಗೆ ಹಾಲಮ್ಮ ನನ್ನ ಮೇಜಿಗೆ ಬಂದಳು. ಒಂದು ಕೈಯಲ್ಲಿ ಫೋನು, ಇನ್ನೊಂದು ಅಂಗೈಯಲ್ಲಿ ಮಾತ್ರೆ.

"ಅಕ್ಕಾ, ಬರೇ ಮಾತ್ರೆ ಅಂತ ಬಂದೈತಿ. ಇಡೀದು ನುಂಗ್ಲೇನು? ಡಾಕ್ಟ್ರು ಅರ್ಧ ಅಂದಿದ್ರಲ್ಲ."

ಕಣ್ಣು ಮಂಜಾದವರೆಲ್ಲ ಮಾಡುವಂತೆ ಅವಳೂ ಅಕ್ಷರಗಳನ್ನು ದೊಡ್ಡದಾಗಿಸಿಕೊಂಡಿದ್ದಳು. 'ಅರ್ಧ' ಎಂಬುದು ಕೆಳಗೆ ಸರಿದು, 'ನುಂಗಿದೆ' ಎಂದು ಒತ್ತುವ ಗುಂಡಿಯ ಹಿಂದೆ ಅಡಗಿತ್ತು. ಎಳೆಯ ಕಣ್ಣಿನ ಒಂಬತ್ತು ಫೋನುಗಳಲ್ಲಿ ಇದು ಕಾಣಲು ಸಾಧ್ಯವೇ ಇರಲಿಲ್ಲ.

ಅರ್ಧವೇ ಸಾಕೆಂದು ಅವಳಿಗೆ ಹೇಳಿ, ಸ್ವಿಚ್ ಆರಿಸಿದೆ. ಆ ಅರ್ಧ ಗಂಟೆಯಲ್ಲಿ ಗಂಟೆ ಮೊಳಗಿದ್ದ ಮನೆಗಳಿಗೆ ಒಂದೊಂದಾಗಿ ಫೋನು ಮಾಡಿದೆ. ಒಬ್ಬ ಅಜ್ಜ ಇಡೀ ಮಾತ್ರೆ ನುಂಗಿಬಿಟ್ಟಿದ್ದ. ತಲೆ ಸುತ್ತಿ ಮಲಗಿದ್ದವನನ್ನು ಮಗಳು ಡಾಕ್ಟರ ಹತ್ತಿರ ಕರೆದೊಯ್ದಳು. ಸಂಜೆಗೆ ಸುಧಾರಿಸಿಕೊಂಡ.

ಫಣೀಂದ್ರ ಊಟ ಮುಗಿಸಿ ಬಂದವರೇ ಪರದೆ ನೋಡಿದರು. "ಯಾರು ಆರಿಸಿದ್ದು ಅಂತ ಇಲ್ಲೇ ಬರೆದಿದೆ. ನಾನು ಮಾಡಿದ್ದನ್ನ ಕೆಡಿಸೋಕೇ ಕಾಯ್ತಿದ್ರಿ, ಅಲ್ವಾ?" ನನ್ನತ್ತ ತಿರುಗಿದರು. "ನಾಳೆಯಿಂದ ಸ್ವಿಚ್ಚು ನಿಮ್ಮ ಕೈಲಿರಲ್ಲ."

"ಆಗಲಿ ಸರ್," ಎಂದು ಹಾಲಮ್ಮನ ಫೋನಿನ ಪರದೆಯಿಂದ ತೆಗೆದಿಟ್ಟುಕೊಂಡಿದ್ದ, 'ಅರ್ಧ' ಕಾಣದ ಚಿತ್ರವನ್ನು ಅವರೆದುರು ಇಟ್ಟೆ.

ಅವರು ಅದನ್ನು ನೋಡಿದರು. ಕ್ಷಮೆ ಕೇಳಲಿಲ್ಲ, ಹೇಳಿದಂತೆ ನನ್ನ ಅಧಿಕಾರವನ್ನೂ ಕಿತ್ತುಕೊಂಡರು. ಆದರೆ ಅಕ್ಷರ ಸರಿಯಾಗುವವರೆಗೆ ಆ ಸ್ವಿಚ್ಚನ್ನು ಮತ್ತೆ ಮುಟ್ಟಲಿಲ್ಲ.

ಮನೆಗೆ ಬಂದಾಗ ಇಂಚರಾ ಕುರ್ಚಿಯ ಮೇಲೆ ನಿಂತಿದ್ದಳು. ಪ್ಲಾಸ್ಟರಿನ ಒಂದು ಮೂಲೆ ಎದ್ದಿತ್ತು. ನಾನು ಬೈಯಲಿಲ್ಲ, ಬಾಗಿಲಲ್ಲೇ ನಿಂತೆ. ಅವಳು ನನ್ನನ್ನೊಮ್ಮೆ ನೋಡಿ, ಎದ್ದ ಮೂಲೆಯನ್ನು ಪುಟ್ಟ ಹೆಬ್ಬೆರಳಿನಿಂದ ಒತ್ತಿ ಒತ್ತಿ ಅಂಟಿಸಿದಳು.