ಕಮಲಾಪುರದಲ್ಲಿ ಯಾರಿಗೂ ಬಿ.ಪಿ. ಇಲ್ಲ

ಎಲ್ಲವನ್ನೂ ಕೆದಕಿ ನೋಡುವುದು ವಿದ್ಯಾವತಿಯ ಹುಟ್ಟುಗುಣ. ಕಲಬುರಗಿಯ ಸೂಪರ್ ಮಾರ್ಕೆಟ್ ಬಜಾರಿಗೆ ಸೀರೆ ಕೊಳ್ಳಲು ಹೋದರೆ ಸೀರೆಯ ಮಾತು ಆಮೇಲೆ. ಅಂಗಡಿಯವನು ಹಳೆಯ ಬೋರ್ಡನ್ನು ಯಾಕೆ ಬದಲಿಸಿದ ಎಂಬುದು ಮೊದಲು ತಿಳಿಯಬೇಕು. ಗಂಡ ಅಮರನಾಥ ಬೇಸತ್ತು ಅವಳೊಡನೆ ಬಜಾರಿಗೆ ಹೋಗುವುದನ್ನೇ ಬಿಟ್ಟಿದ್ದಾನೆ. ಆದರೆ ಶಿಕ್ಷಣ ಇಲಾಖೆಯ ಮೇಲಿನ ಕಚೇರಿಗೆ ಇಂಥವರೇ ಬೇಕಾಗಿತ್ತು. ಗಣಿತ ಕಲಿಸುತ್ತಿದ್ದವಳನ್ನು ಶಾಲೆಗಳ ಮೌಲ್ಯಮಾಪನಕ್ಕೆ ಹಾಕಿ ಆರು ವರ್ಷವಾಯಿತು.

ಈ ಸಲ ಅವಳ ಪಾಲಿಗೆ ಬಂದದ್ದು ಕಮಲಾಪುರದ ಸರಕಾರಿ ಆರೋಗ್ಯ ವಿಜ್ಞಾನ ಪ್ರೌಢಶಾಲೆ. ಮೂರು ಕೋಣೆ, ನಲವತ್ತೊಂದು ಮಕ್ಕಳು. ಹತ್ತನೇ ತರಗತಿ ಮುಗಿಯುವುದರೊಳಗೆ ಗಾಯಕ್ಕೆ ಪಟ್ಟಿ ಕಟ್ಟುವುದು, ನಾಡಿ ಎಣಿಸುವುದು, ಬಿ.ಪಿ. ನೋಡುವುದು ಬರಬೇಕು, ಮುಂದೆ ನರ್ಸಿಂಗೋ ಲ್ಯಾಬೋ ಹಿಡಿಯಬೇಕು ಎಂಬುದು ಯೋಜನೆ. ಪ್ರಯೋಗಕ್ಕೆಂದು ತೆರೆದ ಈ ಶಾಲೆಗೆ ಮೂರು ವರ್ಷ ತುಂಬಿತ್ತು. ಮುಂದುವರಿಸಬೇಕೋ ಮುಚ್ಚಬೇಕೋ ಎಂದು ವಿದ್ಯಾವತಿ ಒಂದು ಮಾತು ಬರೆಯಬೇಕು. ಮುಚ್ಚಿದರೆ ಮಕ್ಕಳೆಲ್ಲ ಕಲಬುರಗಿಯ ದೊಡ್ಡ ಶಾಲೆಗೆ.

ಬೆಳಿಗ್ಗೆ ಕಲಬುರಗಿಯ ಕುಸನೂರಿನ ಮನೆಯಿಂದ ಹೊರಟು ಕಮಲಾಪುರದಲ್ಲಿ ಬಸ್ಸಿಳಿದಾಗ ಹತ್ತಾಗಿತ್ತು. ಶಾಲೆಯೊಳಗೆ ಕಾಲಿಟ್ಟಿದ್ದೇ ತಡ, ಅವಳ ಪ್ರಶ್ನೆಗಳು ಶುರುವಾದವು. ಮೇಜಿನ ಮೇಲಿದ್ದ ಬಟ್ಟೆಯ ಕೈ ಯಾರು ಹೊಲಿದದ್ದು? ಒಳಗೆ ತುಂಬಿದ್ದು ಏನು? ಹಳೆಯ ಕೌದಿಯ ಅರಿವೆ ಎಂದರು ಮಕ್ಕಳು. ಇಂಜೆಕ್ಷನ್ ಕಲಿಯಲು ಸೂಜಿ ಚುಚ್ಚಿ ಚುಚ್ಚಿ ಅದರ ಮೊಣಕೈ ಜಾಳುಜಾಳಾಗಿತ್ತು. ಒಬ್ಬ ಹುಡುಗ ಅವಳ ನಾಡಿ ಎಣಿಸಿದ. ಇನ್ನೊಬ್ಬಳು ಕೈ ತೊಳೆಯುವ ಆರು ಹಂತ ತೋರಿಸಿದಳು, ನಾಲ್ಕನೆಯದನ್ನು ಮರೆತು ತಾನೇ ನಾಲಿಗೆ ಕಚ್ಚಿಕೊಂಡಳು. ವಿದ್ಯಾವತಿಗೆ ಶಾಲೆ ಹಿಡಿಸಿತು. ಇಲ್ಲಿ ಮಕ್ಕಳು ಬಾಯಿಪಾಠ ಒಪ್ಪಿಸುತ್ತಿರಲಿಲ್ಲ, ಕೈಯಿಂದ ಕೆಲಸ ಮಾಡುತ್ತಿದ್ದರು.

ಎಡವಟ್ಟಾದದ್ದು ರಿಜಿಸ್ಟರಿನಲ್ಲಿ. ಮಕ್ಕಳು ಓಣಿ ಓಣಿ ತಿರುಗಿ ಜನರ ಬಿ.ಪಿ. ನೋಡಿ, ಹೆಸರು, ವಯಸ್ಸು, ಅಂಕಿ ಬರೆದಿಡಬೇಕು. ಆ ರಿಜಿಸ್ಟರು ಯಾರು ಬೇಕಾದರೂ ನೋಡುವಂತೆ ವರಾಂಡದಲ್ಲಿ ತೆರೆದಿರಬೇಕು ಎಂದು ಸುತ್ತೋಲೆಯಿತ್ತು. ವಿದ್ಯಾವತಿ ಮೊದಲ ಪುಟ ನೋಡಿದಳು, ಹತ್ತನೆಯದು ನೋಡಿದಳು, ಕೊನೆಯದೂ ನೋಡಿದಳು. ಮುನ್ನೂರ ಹನ್ನೆರಡು ಜನ. ನೂರಿಪ್ಪತ್ತು-ಎಂಬತ್ತು, ನೂರಹದಿನೆಂಟು-ಎಪ್ಪತ್ತೆಂಟು, ಮತ್ತೆ ನೂರಿಪ್ಪತ್ತು-ಎಂಬತ್ತು. ಎಂಬತ್ತೊಂದರ ಮುದುಕನಿಗೂ ಹದಿನೆಂಟರ ಹುಡುಗಿಗೂ ಒಂದೇ ಅಂಕಿ. ಇಡೀ ಕಮಲಾಪುರದಲ್ಲಿ ಒಬ್ಬರಿಗಾದರೂ ಬಿ.ಪಿ. ಇಲ್ಲ.

"ಸರ್, ನಿಮ್ಮ ಊರ ನೀರು ಕಲಬುರಗಿಗಿ ಕಳಸ್ರಿ, ನಮಗೂ ಬೇಕಾಗ್ಯದ," ಎಂದಳು.

ಮುಖ್ಯೋಪಾಧ್ಯಾಯ ಯಶವಂತ ನಗಲಿಲ್ಲ. ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡ. "ಅದು... ಮಕ್ಕಳನ್ನೇ ಕೇಳ್ರಿ ಮೇಡಂ," ಎಂದು ಹತ್ತನೇ ತರಗತಿಯ ಬುಶ್ರಾಳನ್ನು ಕರೆದ. ಓಣಿಯ ಕೆಲಸಕ್ಕೆ ಅವಳೇ ಮುಂದಾಳು.

ವಿದ್ಯಾವತಿಗೆ ನಿಜಕ್ಕೂ ಸಿಟ್ಟು ಬಂದಿತ್ತು. ಇಷ್ಟು ಚೆನ್ನಾಗಿ ಕಲಿತ ಮಕ್ಕಳು ಮನೆಯಲ್ಲಿ ಕೂತು ಅಂಕಿ ಗೀಚಿದ್ದಾರಲ್ಲ ಎಂದು. ಸುಳ್ಳು ದಾಖಲೆ ಎಂದು ಅವಳು ಬರೆದರೆ ಮುಗಿಯಿತು, ಮಿಕ್ಕ ಪುಟಗಳನ್ನು ಮೇಲಿನವರು ತಿರುವಿಯೂ ನೋಡುವುದಿಲ್ಲ.

"ಇದು ಖರೇ ಅದ ಏನವ್ವ?"

"ಇಲ್ರಿ ಮೇಡಂ," ಎಂದಳು ಬುಶ್ರಾ. "ಸುಳ್ಳ ಅದ."

ಇಷ್ಟು ನೇರವಾದ ಉತ್ತರವನ್ನು ವಿದ್ಯಾವತಿ ಆರು ವರ್ಷದಲ್ಲಿ ಕೇಳಿರಲಿಲ್ಲ. ಸಿಟ್ಟು ಹಿಂದೆ ಸರಿದು ಕುತೂಹಲ ಮುಂದೆ ಬಂದು ಕೂತಿತು. "ಯಾಕ?"

"ಮೊದಲ ವರ್ಷ ಖರೇನೇ ಬರೀತಿದ್ದಿವ್ರಿ. ಮಂದಿ ದಿನಾ ಬಂದು ಓದ್ಲಕತ್ತರು. ತಮ್ಮದಲ್ರಿ, ಬಾಜೂ ಮನೀದು. ಹೆಣ್ಣು ಕೇಳ್ಲಾಕ ಬಂದವರು ಮೊದಲ ನಮ್ಮ ಸಾಲಿಗಿ ಬರೋರು, ಹುಡುಗಿ ಮನ್ಯಾಗ ಯಾರಿಗಿ ಏನದ ಅಂತ ನೋಡ್ಲಾಕ. ಒಂದು ಮನ್ಯಾಗ ತಾಯಿ ಬಿ.ಪಿ. ನೋಡಿ ಮಾತುಕತಿ ಮುರಕೊಂಡು ಹೋದರು. ಆ ಅಂಕಿ ನಾನೇ ಬರದಿದ್ದೆ."

"ಯಾರ ಮನಿ?"

ಬುಶ್ರಾ ಅಡ್ಡಡ್ಡ ತಲೆಯಾಡಿಸಿದಳು. ಕೇಳಬಾರದ್ದನ್ನು ಕೇಳಿದೆನೆಂದು ವಿದ್ಯಾವತಿಗೆ ಆಮೇಲೆ ಹೊಳೆಯಿತು.

"ಆವಾಗ ಆ ರಿಜಿಸ್ಟರ್ ತಗದಿಟ್ಟು ಈ ಹೊಸದು ಶುರು ಮಾಡಿದಿವ್ರಿ. ಇದರಾಗ ಎಲ್ಲರಿಗಿ ನಾರ್ಮಲ್ ಬರೀತೀವ್ರಿ. ಖರೇದು ಬ್ಯಾರೆ ಪುಸ್ತಕದಾಗ ಅದ."

"ಅದನ್ನ ತೋರಸು. ನೋಡಿ ವಾಪಸ್ ಕೊಡ್ತೀನಿ."

ಬುಶ್ರಾಳ ಕೈ ತನ್ನಷ್ಟಕ್ಕೆ ಹೆಗಲಿನ ಚೀಲದ ಮೇಲೆ ಹೋಯಿತು. "ತೋರಸಂಗಿಲ್ರಿ."

ಯಶವಂತ ನಡುವೆ ಬಾಯಿ ಹಾಕಿದ. "ತೋರಸವ್ವ. ಮೇಡಂ ಯಾರಿಗೂ ಹೇಳಂಗಿಲ್ಲ. ಸಾಲಿ ಉಳೀಬೇಕಲ್ಲ?"

"ಯಾರಿಗೂ ಹೇಳಂಗಿಲ್ಲ ಅಂತ ಓಣಿ ಮಂದಿಗಿ ನಾವು ಮಾತು ಕೊಟ್ಟೀವ್ರಿ ಸರ್. ಸಾಲಿ ಮುಚ್ಚಿದರ ನಮ್ಮ ಅಬ್ಬಾ ನನಗ ಕಲಬುರಗಿ ಬಸ್ ಹತ್ತಸಂಗಿಲ್ಲ. ನನ್ನ ಓದು ಇಲ್ಲಿಗೇ ಮುಗೀತದ. ಅದು ನನಗ ಗೊತ್ತದ್ರಿ." ಹುಡುಗಿಯ ಕಣ್ಣು ತುಂಬಿತ್ತು. ಚೀಲದ ಮೇಲಿನ ಕೈ ಮಾತ್ರ ಸಡಿಲಲಿಲ್ಲ.

ವಿದ್ಯಾವತಿ ಮತ್ತೆ ಒತ್ತಾಯ ಮಾಡಲಿಲ್ಲ. ನಂಬುವುದಕ್ಕೂ ಅವಳು ಸಿದ್ಧಳಿರಲಿಲ್ಲ. ಪುಸ್ತಕವೇ ಇಲ್ಲದೆ ಚೀಲ ಅಪ್ಪಿಕೊಂಡ ಜಾಣರನ್ನೂ ಅವಳು ಕಂಡವಳೇ. ಕೊಡೆ ಹಿಡಿದು ಒಬ್ಬಳೇ ಆರೋಗ್ಯ ಕೇಂದ್ರದ ಕಡೆ ನಡೆದಳು. ದಾರಿಯುದ್ದಕ್ಕೂ ಒಂದೇ ಪ್ರಶ್ನೆ ಅವಳನ್ನು ಕಾಡಿತು. ಖರೇ ಪುಸ್ತಕವಿದ್ದರೆ ಅದರಿಂದ ಯಾರಿಗಾದರೂ ಉಪಯೋಗವಾಗಿರಬೇಕಲ್ಲ?

ಅಲ್ಲಿ ಆಶಾ ಕಾರ್ಯಕರ್ತೆ ಗುಂಡಮ್ಮ ಕಟ್ಟೆಯ ಮೇಲೆ ಕೂತು ಮಾತ್ರೆಗಳನ್ನು ಎಣಿಸಿ ಕಟ್ಟುತ್ತಿದ್ದಳು. ಮೊದಲು ಬಾಯಿ ಬಿಡಲಿಲ್ಲ. ಶಾಲೆ ಮುಚ್ಚುವ ಮಾತು ಕೇಳಿದ ಮೇಲೆ ಎದ್ದು ನಿಂತಳು.

"ಅಂಕಿ ಜಾಸ್ತಿ ಬಂದೋರನ್ನ ಕೇಳೇ ಹುಡುಗ್ರು ನನಗ ಒಂದು ಚೀಟಿ ಕೊಡ್ತಾವ್ರಿ. ನಾ ಆ ಮನಿಗಿ ಹೋಗಿ ನೀರು ಕೇಳ್ತೀನಿ. ಕುಂತು ಸೊಸಿದು, ಮಗಂದು ಮಾತಾಡ್ತೀನಿ. ಮನಿ ಮಂದಿ ಮುಂದ ಬಿ.ಪಿ. ಸುದ್ದಿ ತಗಿಯಂಗಿಲ್ಲ. ಎರಡು ದಿನ ಬಿಟ್ಟು, ನನಗ ದವಾಖಾನ್ಯಾಗ ಜೊತಿಗಿ ಯಾರಿಲ್ಲ, ಬಾ ಅಂತ ಕರ್ಕೊಂಡು ಬರ್ತೀನಿ. ಮುಂದಿಂದು ಡಾಕ್ಟರ್ ನೋಡ್ತಾರ."

ಡಾಕ್ಟರು ತಮ್ಮ ಕಡತ ನೋಡಿ ಲೆಟರ್‌ಹೆಡ್ಡಿನ ಮೇಲೆ ನಾಲ್ಕು ಸಾಲು ಬರೆದುಕೊಟ್ಟರು. ಎರಡು ವರ್ಷದಲ್ಲಿ ಶಾಲೆಯ ಮಕ್ಕಳ ಸೂಚನೆಯಿಂದ ಬಂದವರು ಅರವತ್ತೇಳು. ಅವರಲ್ಲಿ ಬಿ.ಪಿ. ಇದ್ದವರು ಐವತ್ತಮೂರು. ಐವತ್ತಮೂರೂ ಜನ ಮಾತ್ರೆ ನುಂಗುತ್ತಿದ್ದಾರೆ. ಪತ್ರದಲ್ಲಿ ಒಂದೂ ಹೆಸರಿರಲಿಲ್ಲ.

ಶಾಲೆಗೆ ಹಿಂದಿರುಗುವಾಗ ವಿದ್ಯಾವತಿಯ ಮನಸ್ಸು ತೂಗುಯ್ಯಾಲೆಯಾಗಿತ್ತು. ಮಕ್ಕಳ ಕೆಲಸ ಖರೇ, ರಿಜಿಸ್ಟರು ಸುಳ್ಳು. ಎರಡನೇ ಪುಸ್ತಕವಿದೆ ಎಂದು ವರದಿಯಲ್ಲಿ ಬರೆದರೆ ಶಾಲೆ ಉಳಿಯಬಹುದು, ಆದರೆ ಮರುದಿನವೇ ಮೇಲಿನವರು ಆ ಪುಸ್ತಕ ಕೇಳುತ್ತಾರೆ. ಬರೆಯದಿದ್ದರೆ ಮುನ್ನೂರ ಹನ್ನೆರಡು ಸುಳ್ಳು ಅಂಕಿಗೆ ಉತ್ತರವಿಲ್ಲ. ಇಂಥ ಲೆಕ್ಕ ಅವಳು ಹಿಂದೆಂದೂ ಬಿಡಿಸಿದ್ದಿಲ್ಲ.

ಒಂದು ಮಾತ್ರ ಇನ್ನೂ ನೋಡಬೇಕಿತ್ತು. ಯಶವಂತನ ಕೋಣೆಯ ಕುರ್ಚಿಯಲ್ಲಿ ಕೂತು ಬುಶ್ರಾಳ ಮುಂದೆ ಕೈ ಚಾಚಿದಳು. "ನನ್ನ ಬಿ.ಪಿ. ನೋಡು. ನಿನಗ ಕೆಲಸ ಎಷ್ಟು ಬರ್ತದ ತಿಳೀತದ."

"ಐದು ಮಿನಿಟ್ ಮಾತಾಡಬ್ಯಾಡ್ರಿ," ಎಂದಳು ಬುಶ್ರಾ. ಬೆನ್ನು ಆನಿಸಿ ಕೂರಿಸಿದಳು, ಕಾಲ ಮೇಲಿನ ಕಾಲು ತೆಗೆಸಿದಳು. ಐದು ನಿಮಿಷ ಪ್ರಶ್ನೆಯಿಲ್ಲದೆ ಕೂರುವುದು ವಿದ್ಯಾವತಿಗೆ ಉಪವಾಸಕ್ಕಿಂತ ಕಷ್ಟವಾಯಿತು. ಪಟ್ಟಿ ಬಿಗಿಯಿತು, ಸಡಿಲಿತು. ಬುಶ್ರಾಳ ಮುಖದಲ್ಲಿ ಏನೂ ಕಾಣಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಇನ್ನೊಮ್ಮೆ ನೋಡಿದಳು. ಆಮೇಲೆ ತಿರುಗಿ ಹೇಳಿದಳು: "ಸರ್, ನೀವು ಸ್ವಲ್ಪ ಹೊರಗ ನಿಂದರ್ರಿ."

ಯಶವಂತ ತನ್ನದೇ ಕೋಣೆಯಿಂದ ಹೊರಗೆ ಹೋದ.

"ನೂರ ಅರವತ್ತೆಂಟು, ನೂರಾ ಎರಡು ಅದ್ರಿ ಮೇಡಂ," ಎಂದಳು ಬುಶ್ರಾ ಸಣ್ಣ ದನಿಯಲ್ಲಿ. "ಎರಡೂ ಸಲ ಅಷ್ಟೇ ಬಂತು. ಗಾಬರಿ ಆಗಬ್ಯಾಡ್ರಿ. ನಾಳಿಗೇ ಡಾಕ್ಟರಿಗಿ ತೋರಸ್ರಿ."

ವಿದ್ಯಾವತಿಗೆ ನಲವತ್ತೊಂಬತ್ತು ವರ್ಷ. ತಲೆಭಾರವನ್ನು ಬಿಸಿಲಿನ ಲೆಕ್ಕಕ್ಕೆ ಹಾಕಿಕೊಂಡೇ ಬಂದಿದ್ದಳು. ಭಯವಾಯಿತು. ಭಯದ ಬೆನ್ನಿಗೇ ಬಂದ ಯೋಚನೆ ಅವಳನ್ನೇ ಬೆಚ್ಚಿಸಿತು: ಅಮರನಾಥನಿಗೆ ತಿಳಿದರೆ ನಾಳೆಯಿಂದ ಊರೂರು ತಿರುಗುವುದು ಬಂದ್. ಕಚೇರಿಯಲ್ಲಿ ತಿಳಿದರೆ ಈ ಕೆಲಸವನ್ನು ಇನ್ನೊಬ್ಬರಿಗೆ ಕೊಡುತ್ತಾರೆ. ಹೇಳುವುದಿದ್ದರೆ ತಾನು ಹೇಳಬೇಕು, ತನಗೆ ಬೇಕಾದಾಗ. ಮೇಜಿನ ಮೇಲೆ ವರಾಂಡದಿಂದ ತಂದ ರಿಜಿಸ್ಟರು ಬಾಯಿ ತೆರೆದು ಬಿದ್ದಿತ್ತು. ಬುಶ್ರಾ ಅದನ್ನು ಎಳೆದುಕೊಂಡು ಮುನ್ನೂರ ಹದಿಮೂರನೆಯ ಸಾಲಿನಲ್ಲಿ ಹೆಸರು ಬರೆದು, ಮುಂದೆ ನೂರಿಪ್ಪತ್ತು-ಎಂಬತ್ತು ಎಂದು ಬರೆದಳು. ವಿದ್ಯಾವತಿ ನೋಡುತ್ತ ಕೂತಳು, ತಿದ್ದು ಎನ್ನಲಿಲ್ಲ.

ಆಮೇಲೆ ತನ್ನ ಪೆನ್ನು ತೆಗೆದಳು. ಬಯಲಿಗಿಟ್ಟ ರಿಜಿಸ್ಟರಿನ ಅಂಕಿಗಳನ್ನು ನಂಬಲಾಗದು ಎಂದು ಬರೆದಳು. ರೋಗಿಯ ಹೆಸರನ್ನು ಊರ ಮುಂದೆ ತೆರೆದಿಡಿ ಎಂದ ಸುತ್ತೋಲೆಯೇ ಇದಕ್ಕೆ ಕಾರಣ, ತಪ್ಪು ಮಕ್ಕಳದಲ್ಲ, ಸುತ್ತೋಲೆಯನ್ನು ಹಿಂದಕ್ಕೆ ಪಡೆಯಬೇಕು ಎಂದು ಬರೆದಳು. ಮಕ್ಕಳ ಕೆಲಸಕ್ಕೆ ಸಾಕ್ಷಿಯಾಗಿ ಡಾಕ್ಟರ ಪತ್ರ ಲಗತ್ತಿಸಿದಳು. ಕೊನೆಯ ಸಾಲಿನಲ್ಲಿ, ಶಾಲೆಯನ್ನು ಮುಂದುವರಿಸಬೇಕು ಎಂದು ಬರೆದು ಸಹಿ ಹಾಕಿದಳು.

ಬಾಗಿಲಲ್ಲಿ ನಿಂತಿದ್ದ ಬುಶ್ರಾ ಅಂಜುತ್ತ ಕೇಳಿದಳು, "ಮೇಡಂ, ವರದಿದಾಗ ನಮ್ಮ ಇನ್ನೊಂದು ಪುಸ್ತಕದ್ದು ಬರದೀರೇನ್ರಿ?"

"ಯಾವ ಪುಸ್ತಕ?" ಎಂದಳು ವಿದ್ಯಾವತಿ.